ದಪ್ಪ ಟೈರು, ಎರೆ ನೆಲ: ಬ್ಯಾಟರಿ ಸೈಕಲ್ ಕೊಳ್ಳುವ ಮುಂಚೆ

ಯಾದಗಿರಿ ಜಿಲ್ಲೆಯ ಬಳಿಚಕ್ರ ಹೋಬಳಿಯ ಯಾವುದಾದರೂ ಊರಿನಲ್ಲಿ ಬೆಳಗಿನ ಹೊತ್ತು ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು, ಇಲ್ಲಿಯ ಸೈಕಲ್ಲಿನ ಪಾಡು ತಿಳಿಯುತ್ತದೆ. ಕ್ಯಾರಿಯರ್ ಮೇಲೆ 20 ಲೀಟರಿನ ಕ್ಯಾನು, ಹ್ಯಾಂಡಲ್ಲಿಗೆ ಬುತ್ತಿಯ ಚೀಲ. ಮಧ್ಯಾಹ್ನ ಅದೇ ಕ್ಯಾರಿಯರ್ ಮೇಲೆ ಮೇವಿನ ಹೊರೆ, ಇಲ್ಲವೇ ಔಷಧಿ ಹೊಡೆಯುವ ಪಂಪು, ಇಲ್ಲವೇ 45 ಕೆ.ಜಿ. ಯೂರಿಯಾ ಚೀಲ. ಇಷ್ಟೆಲ್ಲ ಹೊರುವುದು ಹಳೇ ಕರಿ ಸೈಕಲ್ಲು, ಅಥವಾ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಹಂಚಿದ್ದ ಸೈಕಲ್ಲುಗಳಲ್ಲಿ ಇನ್ನೂ ಉಸಿರಿರುವ ಒಂದು.

ಈಗ ಮೊಬೈಲ್ ತೆರೆದರೆ ಬೇರೆಯೇ ಒಂದು ಸೈಕಲ್ಲಿನ ಜಾಹೀರಾತು ಕಾಣುತ್ತದೆ. ನಾಲ್ಕು ಇಂಚು ಅಗಲದ ಟೈರು, ಗಟ್ಟಿ ಕ್ಯಾರಿಯರ್, ಹಿಂದಿನ ಗಾಲಿಯ ಹಬ್ಬಿನೊಳಗೆ ಮೋಟಾರು, ಬ್ಯಾಟರಿ ಬೇರೆ. ಪುಣೆಯ ಇ-ಮೋಟೊರ‍್ಯಾಡ್ ಕಂಪನಿಯ ಮಡಚುವ ಡೂಡಲ್ ಈ ಜಾತಿಯದು. ವಿದೇಶದಲ್ಲಿ ಇದೇ ಜಾತಿಯ ಇನ್ನೂ ದೊಡ್ಡ, ಸಾಮಾನು ಹೊರುವ ಮಾದರಿಗಳಿವೆ. ಹೊಲ, ಸಂತೆ, ಶಾಲೆ, ನೀರು ಎಲ್ಲಕ್ಕೂ ಒಂದೇ ಗಾಡಿ ಎಂದು ಮಾರುವವರು ಹೇಳುತ್ತಾರೆ. ಆದೀತೇ? ನೋಡಬೇಕಾದದ್ದು ಮೊದಲು ಟೈರು. ಮೋಟಾರಿನ ಮಾತು ಆಮೇಲೆ.

ದಪ್ಪ ಟೈರು ಬೆಳೆದದ್ದು ಹಿಮದ ಮೇಲೆ. 1987ರಲ್ಲಿ ಅಲಾಸ್ಕಾದಲ್ಲಿ ಚಳಿಗಾಲದ ಸೈಕಲ್ ಪಂದ್ಯ ಶುರುವಾಯಿತು. ತೆಳು ಗಾಲಿಗಳು ಹಿಮದಲ್ಲಿ ಹೂತುಕೊಳ್ಳುತ್ತಿದ್ದವು. ಅಲ್ಲಿಯ ಸವಾರರು ಎರಡು ರಿಮ್ಮುಗಳನ್ನು ಅಕ್ಕಪಕ್ಕ ಬೆಸೆದು ಗಾಲಿಯನ್ನು ಅಗಲ ಮಾಡಿಕೊಂಡರು. ನ್ಯೂ ಮೆಕ್ಸಿಕೋದ ಮರಳಿನಲ್ಲಿ ಓಡಿಸುವವರು ಅದೇ ದಾರಿಯನ್ನು ಬೇರೆಯಾಗಿಯೇ ಕಂಡುಕೊಂಡಿದ್ದರು. 2005ರಲ್ಲಿ ಸರ್ಲಿ ಎಂಬ ಅಮೆರಿಕದ ಕಂಪನಿ ಪಗ್ಸ್‌ಲಿ ಎನ್ನುವ ಮಾದರಿ ತಂದ ಮೇಲೆ ದಪ್ಪ ಟೈರು ಅಂಗಡಿಗೆ ಬಂತು. ಬ್ಯಾಟರಿ, ಮೋಟಾರು ಕೂಡಿಕೊಂಡದ್ದು ಅದರ ನಂತರ. ಹಿಮ, ಮರಳು. ಎರೆ ಮಣ್ಣು ಈ ಕಥೆಯಲ್ಲಿ ಎಲ್ಲೂ ಬರುವುದಿಲ್ಲ.

ಟೈರಿನ ಕೆಲಸ ಅರಿಯಲು ಸಣ್ಣ ಲೆಕ್ಕ ಸಾಕು. ಹಿಂದಿನ ಗಾಲಿಯ ಮೇಲೆ 80 ಕೆ.ಜಿ. ಭಾರ ಇದೆ ಎನ್ನಿ. ಕರಿ ಸೈಕಲ್ಲಿನಂತೆ 50 ಪಿಎಸ್ಐ ಗಾಳಿ ತುಂಬಿದರೆ ಟೈರು ನೆಲಕ್ಕೆ ತಾಗುವ ಜಾಗ ಸುಮಾರು 23 ಚದರ ಸೆಂಟಿಮೀಟರು. ದಪ್ಪ ಟೈರಿಗೆ 12 ಪಿಎಸ್ಐ ಸಾಕು. ಆಗ ಅದೇ ಭಾರ 95 ಚದರ ಸೆಂಟಿಮೀಟರಿನ ಹತ್ತಿರ ಹರಡಿಕೊಳ್ಳುತ್ತದೆ. ನೆಲದ ಮೇಲಿನ ಒತ್ತಡ ನಾಲ್ಕರಲ್ಲಿ ಒಂದು ಪಾಲಾಯಿತು. ಹೀಗಾಗಿ ಹಳ್ಳದ ಉಸುಕಿನಲ್ಲಿ, ಭೀಮೆಯ ದಂಡೆಯ ದಾರಿಗಳಲ್ಲಿ, ಮಸಾರಿ ನೆಲದ ಸಡಿಲು ಗರಸಿನ ಮೇಲೆ ತೆಳು ಟೈರು ಹೂತು ನಿಲ್ಲುವಲ್ಲಿ ಇದು ಸಾಗುತ್ತದೆ. ಬೇಸಿಗೆಯಲ್ಲಿ ಎರೆ ಹೊಲ ಬಿರಿದಾಗಲೂ ಅಷ್ಟೇ: ಕರಿ ಸೈಕಲ್ಲಿನ ಗಾಲಿಯನ್ನು ಹಿಡಿದು ಸವಾರನನ್ನು ಕೆಡವುವ ಬಿರುಕನ್ನು ನಾಲ್ಕಿಂಚಿನ ಟೈರು ದಾಟಿಹೋಗುತ್ತದೆ. ಡಾಂಬರು ಕಿತ್ತ ರಸ್ತೆಯಲ್ಲಿ ಸೊಂಟಕ್ಕೆ ಸಿಗುವ ಸುಖ ಬೇರೆ. ಇಷ್ಟು ಲಾಭ ನಿಜ.

ಮೃಗಶಿರೆ ಮಳೆ ಬಿದ್ದ ಮಾರನೆಯ ದಿನ ಇದೇ ಸೈಕಲ್ಲನ್ನು ಎರೆ ಹೊಲದ ಬಂಡಿ ದಾರಿಗೆ ಇಳಿಸಿ ನೋಡಿ. ಎರೆ ಮಣ್ಣಿನ ಜೇಡಿಯಲ್ಲಿ ನೀರು ಕುಡಿದು ಉಬ್ಬುವ ಕಣಗಳಿವೆ. ಒದ್ದೆಯಾದರೆ ಅದು ಮುಟ್ಟಿದ್ದನ್ನು ಬಿಡುವುದಿಲ್ಲ. ಟೈರು ಅಗಲವಾದಷ್ಟೂ ಎತ್ತಿಕೊಳ್ಳುವ ಮಣ್ಣು ಜಾಸ್ತಿ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಟೈರಿನ ಹಲ್ಲುಗಳ ಸಂದು ಮುಚ್ಚುತ್ತದೆ, ಆಮೇಲೆ ಮಡ್‌ಗಾರ್ಡಿನ ಒಳಗೆ ಕಡಬಿಗೆ ಹೂರಣ ತುಂಬಿದಂತೆ ಮಣ್ಣು ತುರುಕಿಕೊಳ್ಳುತ್ತದೆ, ಕೊನೆಗೆ ಫೋರ್ಕಿನ ಎರಡು ಕಾಲುಗಳ ನಡುವೆ ಗಾಲಿ ತಿರುಗುವುದೇ ನಿಲ್ಲುತ್ತದೆ. ಮೋಟಾರು ಒತ್ತಿದರೆ ಅದು ನರಳುತ್ತದೆಯೇ ಹೊರತು ಗಾಲಿ ಕದಲದು. ತೆಳು ಗಾಲಿಯ ಸೈಕಲ್ಲಾದರೆ ಕಡ್ಡಿಯಿಂದ ಕೆದರಿ ಹೆಗಲಿಗೆ ಹಾಕಿಕೊಂಡು ಬರಬಹುದಿತ್ತು. ಇದರ ತೂಕ 25ರಿಂದ 35 ಕೆ.ಜಿ., ಮೆತ್ತಿದ ಮಣ್ಣು ಬೇರೆ.

ಆದ್ದರಿಂದ ಅಂಗಡಿಯಲ್ಲಿ ಮೊದಲು ಮಾಡಬೇಕಾದ ಪರೀಕ್ಷೆ ತೀರ ಸರಳ. ಬಗ್ಗಿ, ಟೈರಿಗೂ ಫೋರ್ಕಿಗೂ, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸಿ. ಎರಡು ಬೆರಳು ಸಲೀಸಾಗಿ ಆಡದಿದ್ದರೆ ಮಳೆಗಾಲದಲ್ಲಿ ಅದು ಎರೆ ದಾರಿಗಲ್ಲ. ಬಹಳ ಮಾದರಿಗಳು ಇಲ್ಲೇ ಸೋಲುತ್ತವೆ. ಡಾಂಬರಿನಲ್ಲೇ ಹೆಚ್ಚು ಓಡಾಟ ಇರುವವರಿಗೆ ಎರಡೂಕಾಲು ಇಂಚಿನ ಆಸುಪಾಸಿನ ಟೈರಿರುವ ಬ್ಯಾಟರಿ ಸೈಕಲ್ಲೇ ಮೇಲು ಎಂಬುದು ನನ್ನ ಎಣಿಕೆ. ನೋಡುವವರ ಕಣ್ಣಿಗೆ ದಪ್ಪ ಟೈರಿನ ಗತ್ತು ಇರುವುದಿಲ್ಲ, ಅಷ್ಟೇ.

ಗಾಳಿಯ ವಿಷಯ ಇನ್ನೊಂದಿದೆ. 12 ಪಿಎಸ್ಐ ಉಸುಕಿಗೆ ಸರಿ. ಅದೇ ಗಾಳಿಯಲ್ಲಿ ಡಾಂಬರಿನ ಮೇಲೆ ಹೋದರೆ ಟೈರು ಬುಸುಗುಡುತ್ತ ಬ್ಯಾಟರಿ ತಿನ್ನುತ್ತದೆ. ರಸ್ತೆಗೆ 20 ದಾಟಿಸಬೇಕು. ಹೆಬ್ಬೆರಳಿನಿಂದ ಒತ್ತಿ ನೋಡುವ ನಮ್ಮ ರೂಢಿ ಇಲ್ಲಿ ನಡೆಯದು, ಹತ್ತಕ್ಕೂ ಹದಿನೈದಕ್ಕೂ ಬೆರಳಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕಡಿಮೆ ಒತ್ತಡ ತೋರಿಸುವ ಸಣ್ಣ ಗೇಜು, ಕೈಪಂಪು ಎರಡನ್ನೂ ಸೈಕಲ್ಲಿನ ಜೊತೆಗೇ ಕೊಳ್ಳಬೇಕು.

ಇನ್ನು ಮುಳ್ಳು. ಬದುವಿನುದ್ದಕ್ಕೂ ಬಳ್ಳಾರಿ ಜಾಲಿ, ನೆಲದ ಮೇಲೆ ನೆಗ್ಗಿನ ಮುಳ್ಳು. ಅಗಲ ಟೈರು ಅಗಲ ದಾರಿಯನ್ನು ಗುಡಿಸಿಕೊಂಡು ಹೋಗುತ್ತದೆ, ಹಾಗಾಗಿ ಮುಳ್ಳೂ ಹೆಚ್ಚು ಸಿಗುತ್ತವೆ. ಟೈರು ದಪ್ಪ ಎಂದು ಕರೆದರೂ ದಪ್ಪಗಿರುವುದು ಅದರ ಹೊಟ್ಟೆ, ರಬ್ಬರು ಅಲ್ಲ. ಪಂಕ್ಚರ್ ಆದರೆ ತೇಪೆ ಹಾಕುವವರು ಎಲ್ಲ ಕಡೆ ಇದ್ದಾರೆ. ಹಿಂದಿನ ಗಾಲಿಯಲ್ಲಿ ಮೋಟಾರು ಇರುವುದರಿಂದ ಗಾಲಿ ಬಿಚ್ಚದೆ ಟೈರಿನ ಒಂದು ಅಂಚು ಎಬ್ಬಿಸಿ ಟ್ಯೂಬು ಹೊರಗೆಳೆದು ತೇಪೆ ಹಾಕಿಸಿ. ಬಿಚ್ಚಲೇಬೇಕಾದರೆ ಮೊದಲು ಮೋಟಾರಿನ ವೈರಿನ ಜೋಡಣೆ ಕಳಚಬೇಕು. ಅದು ಗೊತ್ತಿಲ್ಲದವರು ಎಳೆದು ವೈರು ಕಿತ್ತರೆ ಟ್ಯೂಬಿಗಿಂತ ದೊಡ್ಡ ಖರ್ಚು. ಟ್ಯೂಬೇ ಹರಿದರೆ ನಾಲ್ಕಿಂಚಿನದು ಹಳ್ಳಿಯ ಸೈಕಲ್ ಅಂಗಡಿಯಲ್ಲಿ ಸಿಗುವ ಮಾತಲ್ಲ. ಕೊಳ್ಳುವ ದಿನವೇ ಎರಡು ಟ್ಯೂಬು, ಟೈರಿನ ಒಳಗೆ ಹಾಸುವ ಪಟ್ಟಿ, ತೂತು ಮುಚ್ಚುವ ದ್ರವದ ಒಂದು ಬಾಟಲಿ ತನ್ನಿ. ಅವುಗಳ ಬೆಲೆಯನ್ನೂ ಸೈಕಲ್ಲಿನ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.

ಈಗ ಮೋಟಾರು. ನಮ್ಮ ದೇಶದಲ್ಲಿ ಪರವಾನಗಿ, ನೋಂದಣಿ ಇಲ್ಲದೆ ಓಡಿಸಬಹುದಾದ ಬ್ಯಾಟರಿ ಸೈಕಲ್ಲಿನ ಮೋಟಾರು 250 ವಾಟ್ ಮೀರುವಂತಿಲ್ಲ, ವೇಗ 25 ಕಿ.ಮೀ. ದಾಟುವಂತಿಲ್ಲ. 60 ಕೆ.ಜಿ. ಸವಾರ, 30 ಕೆ.ಜಿ. ಸೈಕಲ್ಲು, ಎರಡು ಕ್ಯಾನು ನೀರು 40 ಕೆ.ಜಿ., ಒಟ್ಟು 130. ಗಾಳಿ ಇಲ್ಲದ ಸಮತಟ್ಟು ರಸ್ತೆಯಲ್ಲಿ ದಪ್ಪ ಟೈರಿನೊಂದಿಗೆ ಇಷ್ಟನ್ನು 25 ಕಿ.ಮೀ. ವೇಗದಲ್ಲಿ ಎಳೆಯಲು ಹೆಚ್ಚುಕಡಿಮೆ ಆ 250 ವಾಟ್ ಪೂರ್ತಿ ಬೇಕು. ಅದರಲ್ಲಿ ಅರ್ಧದಷ್ಟನ್ನು ನುಂಗುವುದು ಟೈರೇ, ಉಳಿದದ್ದು ಎದುರಿನ ಗಾಳಿ. ನೂರು ಅಡಿಗೆ ಐದು ಅಡಿ ಏರುವ ದಿಣ್ಣೆ ಬಂದರೆ ವೇಗ 10ಕ್ಕೆ ಇಳಿಯುತ್ತದೆ. ಸುರಪುರದ ಏರುಗಳಲ್ಲಿ ಪೆಡಲ್ ತುಳಿಯದೆ ಗತ್ಯಂತರವಿಲ್ಲ.

ನಮ್ಮ ಸೀಮೆಗೆ ದಿಣ್ಣೆಗಿಂತ ದೊಡ್ಡ ಕಾಟ ಗಾಳಿ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬಿಟ್ಟೂಬಿಡದೆ ಬೀಸುತ್ತದೆ, ಯಾದಗಿರಿಯಿಂದ ಶಹಾಪುರದ ಕಡೆ ಹೊರಟವರಿಗೆ ಅದು ಎದುರು. 15 ಕಿ.ಮೀ. ವೇಗದ ಎದುರುಗಾಳಿಯಲ್ಲಿ ಅದೇ ಮೋಟಾರು, ಅದೇ ಭಾರ, ವೇಗ 18ಕ್ಕೆ ಕುಸಿಯುತ್ತದೆ. 36 ವೋಲ್ಟ್, 14 ಆ್ಯಂಪಿಯರ್-ಅವರ್ ಬ್ಯಾಟರಿಯಲ್ಲಿ ಸುಮಾರು 500 ವಾಟ್-ಅವರ್, ಅಂದರೆ ಅರ್ಧ ಯೂನಿಟ್ ಕರೆಂಟು ಇರುತ್ತದೆ. ಗಾಳಿ ಇಲ್ಲದಾಗ, ನಷ್ಟ ಕಳೆದು ಕಾಗದದ ಮೇಲೆ 40 ಕಿ.ಮೀ. ಬರುವ ಬ್ಯಾಟರಿ, ಎದುರುಗಾಳಿಯಲ್ಲಿ 29ಕ್ಕೇ ಮುಗಿಯುತ್ತದೆ. ಯಾದಗಿರಿ-ಶಹಾಪುರದ ದೂರ ಸುಮಾರು 35. ಉಳಿದದ್ದನ್ನು ತುಳಿಯಬೇಕು. ಜಾಹೀರಾತಿನ 60, 80 ಕಿಲೋಮೀಟರು ಹಗುರ ಸವಾರ, ಖಾಲಿ ಕ್ಯಾರಿಯರ್, ನಿಂತ ಗಾಳಿ, ಜೊತೆಗೆ ಪೆಡಲ್ಲಿನದು.

ಹೀಗಾಗಿ ಪ್ರಯೋಗಕ್ಕೆಂದು ಓಡಿಸುವಾಗ ಮೋಟಾರು ಹಾಕಿ ಒಂದು ಸುತ್ತು ಬಂದರೆ ಏನೂ ತಿಳಿಯದು. ಎಲ್ಲ ಬ್ಯಾಟರಿ ಸೈಕಲ್ಲೂ ಮೊದಲ ಸುತ್ತಿನಲ್ಲಿ ಚೆಂದವೇ. ಮೋಟಾರು ಆರಿಸಿ, ಗಾಳಿಗೆ ಎದುರಾಗಿ ಒಂದೆರಡು ಕಿಲೋಮೀಟರು ತುಳಿದು ನೋಡಿ. ಬ್ಯಾಟರಿ ಮುಗಿದ ಸಂಜೆ ಇದನ್ನು ಮನೆಗೆ ಒಯ್ಯುವುದು ನಿಮ್ಮ ಮೊಣಕಾಲೇ. ಇನ್ನೊಂದು, ಪೆಡಲ್ ತಿರುಗಿದ್ದನ್ನಷ್ಟೇ ಅರಿಯುವ ಸೆನ್ಸರ್ ಅಗ್ಗದ್ದು. ಭಾರ ಹೊತ್ತು ನಿಂತಲ್ಲಿಂದ ಹೊರಡುವಾಗ ಅದು ಅರೆಕ್ಷಣ ತಡೆದು ಆಮೇಲೆ ಜಗ್ಗುತ್ತದೆ. ತುಳಿದ ಬಲವನ್ನು ಅಳೆಯುವ ಸೆನ್ಸರ್ ತುಟ್ಟಿ, ಆದರೆ ಹಿಂದೆ ನೀರು ಕುಲುಕುವಾಗ ಆ ವ್ಯತ್ಯಾಸಕ್ಕೆ ದುಡ್ಡು ಕೊಡಬಹುದು.

ಭಾರದ ಪರೀಕ್ಷೆಗೆ ಅಂಗಡಿಯ ಮಾತು ಬೇಡ, ಎರಡು ತುಂಬಿದ ಕ್ಯಾನು ಬೇಕು. ಮೊದಲು ಕ್ಯಾರಿಯರ್ ಮೇಲೆ ಅಚ್ಚು ಹಾಕಿದ ಸಂಖ್ಯೆ ಓದಿ. ಸಾದಾ ಕ್ಯಾರಿಯರುಗಳು ಬಹುತೇಕ 25 ಕೆ.ಜಿ.ಯವು, ಅಂದರೆ ಒಂದು ಕ್ಯಾನಿಗೆ ಮುಗಿಯಿತು. ಚೌಕಟ್ಟಿಗೇ ಬೆಸೆದ ಕ್ಯಾರಿಯರ್ ಇದ್ದರೆ ಮಾತ್ರ ಯೂರಿಯಾ ಚೀಲದ ಆಸೆ ಇಟ್ಟುಕೊಳ್ಳಿ. ಕ್ಯಾನುಗಳನ್ನು ಮೇಲೆ ಹೇರುವುದಕ್ಕಿಂತ ಎರಡೂ ಪಕ್ಕಕ್ಕೆ ತೂಗುಹಾಕಿದರೆ ತೂಕ ಕೆಳಗಿಳಿದು ಹ್ಯಾಂಡಲ್ ಅಲುಗುವುದು ತಗ್ಗುತ್ತದೆ. ಆಮೇಲೆ ಸ್ಟ್ಯಾಂಡು. ಒಂಟಿ ಕಾಲಿನ ಸ್ಟ್ಯಾಂಡು ಇಂಥ ಭಾರ ಹೊತ್ತು ಮೆತ್ತನೆಯ ನೆಲದಲ್ಲಿ ನಿಂತರೆ ಮೆಲ್ಲಗೆ ಇಳಿಯುತ್ತದೆ, ನೀವು ಮನೆಯ ಬಾಗಿಲು ತೆರೆಯುವಷ್ಟರಲ್ಲಿ ಕ್ಯಾನು ಅಂಗಳದಲ್ಲಿ. ಎರಡು ಕಾಲಿನ ಸ್ಟ್ಯಾಂಡೇ ಬೇಕು, ಅದರ ಪಾದವೂ ಅಗಲವಿರಲಿ. ಸೀರೆ, ಧೋತರದವರಿಗೆ ಚೌಕಟ್ಟು ತಗ್ಗಾಗಿರಲಿ, ಚೈನಿಗೆ ಪೂರ್ತಿ ಕವಚವಿರಲಿ. ಬ್ರೇಕು ಎರಡೂ ಡಿಸ್ಕ್ ಆಗಿದ್ದು, ಬ್ರೇಕು ಹಿಡಿದ ಕೂಡಲೇ ಮೋಟಾರು ನಿಲ್ಲುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಿ.

ಬ್ಯಾಟರಿಗೆ ನಮ್ಮ ಬೇಸಿಗೆಯೇ ಶತ್ರು. ಲಿಥಿಯಂ ಬ್ಯಾಟರಿಗಳನ್ನು 45 ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡಬಾರದು ಎಂಬುದು ಸಾಮಾನ್ಯ ಮಿತಿ; ಮೇ ತಿಂಗಳ ಮಧ್ಯಾಹ್ನ ತಗಡಿನ ಮಾಳಿಗೆಯ ಕೆಳಗೆ ಅದು ಸುಲಭವಾಗಿ ದಾಟುತ್ತದೆ. ಓಡಿಸಿ ಬಂದ ತಕ್ಷಣ ಚಾರ್ಜಿಗೆ ಹಾಕದೆ ಆರಲು ಬಿಡಿ, ಬೆಳಗಿನ ತಂಪಿನಲ್ಲಿ ಹಾಕಿ. ಬ್ಯಾಟರಿ ಕಳಚಿ ಒಳಗೆ ಒಯ್ಯುವಂತಿದ್ದರೆ ಒಳ್ಳೆಯದು, ಆದರೆ ಮಲಗುವ ಕೋಣೆಯಲ್ಲಿ, ಹಾಸಿಗೆಯ ಪಕ್ಕದಲ್ಲಿ ಅಲ್ಲ. ಲಿಥಿಯಂ ಐರನ್ ಫಾಸ್ಫೇಟ್ ಬಗೆಯದು ತೂಕ ಹೆಚ್ಚಾದರೂ ಶಾಖಕ್ಕೆ ಗಟ್ಟಿ, ಬಾಳಿಕೆಯೂ ಹೆಚ್ಚು. ಸಿಕ್ಕರೆ ಅದನ್ನೇ ಆರಿಸಿ.

ಒಂದು ಸಲ ಪೂರ್ತಿ ಚಾರ್ಜಿಗೆ ನಷ್ಟ ಸೇರಿ 0.6 ಯೂನಿಟ್, ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ ನಾಲ್ಕು ರೂಪಾಯಿಯ ಒಳಗೆ. ದಿನಾ ಹಾಕಿದರೆ ತಿಂಗಳಿಗೆ 18 ಯೂನಿಟ್ ಆಯಿತು. 2023ರ ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಯಲ್ಲಿ ನಿಮ್ಮ ಮನೆಯ ಹಳೆಯ ಬಳಕೆ ನೋಡಿ ಗೊತ್ತುಮಾಡಿದ ಮಿತಿ ಸಣ್ಣದಿದ್ದರೆ ಈ 18 ಅದನ್ನು ದಾಟಿಸಬಹುದು, ಆಗ ಹೆಚ್ಚಿನದಕ್ಕೆ ಜೆಸ್ಕಾಂ ಬಿಲ್ಲು ಬರುತ್ತದೆ. ಅದೂ ದೊಡ್ಡ ಮಾತಲ್ಲ. ದೊಡ್ಡ ಮಾತು ಬ್ಯಾಟರಿಯದೇ ಬೆಲೆ. 20,000 ರೂಪಾಯಿಯ ಬ್ಯಾಟರಿ 600 ಸಲ ಚಾರ್ಜಾಗಿ, ಪ್ರತಿ ಸಲ 30 ಕಿ.ಮೀ. ಓಡಿಸಿತು ಎಂದುಕೊಳ್ಳಿ: 18,000 ಕಿಲೋಮೀಟರಿಗೆ ಬ್ಯಾಟರಿ ಸವೆತವೇ ಕಿಲೋಮೀಟರಿಗೆ 1 ರೂಪಾಯಿ 10 ಪೈಸೆ. ಕರೆಂಟು ಬರೀ 12 ಪೈಸೆ. ‘ಹತ್ತು ಪೈಸೆಗೆ ಒಂದು ಕಿಲೋಮೀಟರು’ ಎಂದು ಬರೆಯುವವರು ಮೊದಲಿನದನ್ನು ಮರೆತಿರುತ್ತಾರೆ.

ಬ್ಯಾಟರಿ ಸೈಕಲ್ಲಿನ ನಿಜವಾದ ಎದುರಾಳಿ ಕರಿ ಸೈಕಲ್ಲಲ್ಲ, ಟಿವಿಎಸ್ ಎಕ್ಸೆಲ್ ಮೊಪೆಡ್. 1980ರ ಟಿವಿಎಸ್ 50ರಿಂದ ಬಂದ ಆ ವಂಶ ನಮ್ಮ ಕಡೆ ಹಾಲು, ತರಕಾರಿ, ಸಿಲಿಂಡರು ಎಲ್ಲ ಹೊತ್ತಿದೆ, ಮುಂದುಗಡೆಯೂ ಚೀಲ ಇಡಲು ಜಾಗವಿದೆ. ಲೀಟರಿಗೆ 60 ಕಿ.ಮೀ. ಹಿಡಿದರೆ ಪೆಟ್ರೋಲು ಕಿಲೋಮೀಟರಿಗೆ 1 ರೂಪಾಯಿ 70 ಪೈಸೆಯ ಹತ್ತಿರ. ಉಳಿತಾಯ ಐವತ್ತು ಪೈಸೆಯಷ್ಟೇ. ದಿನಕ್ಕೆ 20 ಕಿ.ಮೀ. ಓಡಿಸುವವರಿಗೆ ವರ್ಷಕ್ಕೆ ಮೂರೂವರೆ ಸಾವಿರದ ಸುತ್ತ. ಗೊಬ್ಬರದ ಚೀಲ ಆಗಾಗ ಹೊರುವವರಿಗೆ ಎಕ್ಸೆಲ್ ಬಿಟ್ಟು ಇದಕ್ಕೆ ಬನ್ನಿ ಎಂದು ನಾನು ಹೇಳಲಾರೆ. ಲೈಸೆನ್ಸ್ ಇಲ್ಲದ ಹೈಸ್ಕೂಲು ಹುಡುಗಿ, ಬಸ್ಸು ಒಳಗೆ ಬಾರದ ತಾಂಡಾಗಳಿಗೆ ನಿತ್ಯ ಹೋಗಿಬರುವ ಆಶಾ ಕಾರ್ಯಕರ್ತೆ, ಹತ್ತು ಕಿಲೋಮೀಟರಿನೊಳಗೆ ಹೊಲವಿರುವ ಅರವತ್ತು ದಾಟಿದ ರೈತ, ಇವರಿಗೆ ಲೆಕ್ಕ ಬೇರೆ.

ಕೊನೆಯದಾಗಿ ಕಾಗದ. ಅಮೆರಿಕದಲ್ಲಿ 750 ವಾಟ್ ಮೋಟಾರಿನವು ಸೈಕಲ್ಲೆಂದೇ ನಡೆಯುತ್ತವೆ, ಅಂಥವನ್ನೇ ಆನ್‌ಲೈನಿನಲ್ಲಿ ಇಲ್ಲಿಯೂ ಮಾರುತ್ತಾರೆ. ‘ಲಾಕ್ ತೆಗೆದರೆ 45ರಲ್ಲಿ ಓಡುತ್ತದೆ’ ಎಂದು ಕಿವಿಯಲ್ಲಿ ಹೇಳುವವರೂ ಇದ್ದಾರೆ. ನಮ್ಮ ಕಾನೂನಿಗೆ ಅದು ಮೋಟಾರು ವಾಹನ. ನೋಂದಣಿ, ವಿಮೆ, ಲೈಸೆನ್ಸ್ ಇಲ್ಲದೆ ಯಾರಿಗಾದರೂ ಗುದ್ದಿದರೆ ಪರಿಹಾರ ನಿಮ್ಮ ಹೊಲದ ಮೇಲೆ ಬರುತ್ತದೆ. ಬಿಲ್ಲಿನಲ್ಲಿ ಮೋಟಾರಿನ ವಾಟ್, ಗರಿಷ್ಠ ವೇಗ, ಬ್ಯಾಟರಿಯ ಬಗೆ, ಅದರ ಕ್ರಮಸಂಖ್ಯೆ, ಎಷ್ಟು ವರ್ಷದ ವಾರಂಟಿ ಎಲ್ಲ ಬರೆಸಿ. ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರದ ಪ್ರತಿ ಕೇಳಿ. ವಾರಂಟಿಗೆ ಬ್ಯಾಟರಿಯನ್ನು ಯಾದಗಿರಿಯಲ್ಲೇ ಕೊಟ್ಟರೆ ಆಗುತ್ತದೆಯೋ, ಕಲಬುರಗಿಗೋ ಹೈದರಾಬಾದಿಗೋ ಒಯ್ಯಬೇಕೋ, ಒಯ್ಯುವ ಖರ್ಚು ಯಾರದು ಎಂಬುದನ್ನೂ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.