ಬನದ ದಾರಿ

ಹಿರಿದಾದ ದಾರಿ ಹೆದ್ದಾರಿ. ವ್ಯಾಕರಣಕ್ಕೆ ಇಷ್ಟು ಸಾಕು; ಸರಕಾರಕ್ಕೆ ಸಾಲದು. ಅಲ್ಲಿ ಅಧಿಸೂಚನೆಯಲ್ಲಿ ಹೆಸರು ಬಂದುದು ಮಾತ್ರ ಹೆದ್ದಾರಿ. ಹೆಸರು ಬಿಟ್ಟುಹೋದ ದಿನ ಅದೇ ದಾರಿ ಅದೇ ಅಗಲದಲ್ಲಿದ್ದರೂ ಹೆದ್ದಾರಿಯಲ್ಲ. ಈ ಏರಿಳಿತದ ಅರ್ಥವೇನೆಂಬುದನ್ನು ಬಾದಾಮಿಯಿಂದ ಚೊಳಚಗುಡ್ಡದ ಬನಶಂಕರಿಗೆ ಹೋಗುವ ಸುಮಾರು ಐದು ಕಿಲೋಮೀಟರಿನ ದಾರಿಯನ್ನು ಎದುರಿಗಿಟ್ಟುಕೊಂಡು ನೋಡಬಹುದು.

ವನವೇ ಬನ. ಸ್ಥಳಪುರಾಣ ಹೇಳುವ ತಿಲಕಾರಣ್ಯ ಈಗಿಲ್ಲ. ಗುಡಿಯ ಸುತ್ತಿನ ತೆಂಗು, ಬಾಳೆ, ಎಲೆಬಳ್ಳಿಯ ತೋಟಗಳಲ್ಲಿ ಅದರ ನೆರಳು ಉಳಿದಿದೆ. ಈಗಿನ ಕಟ್ಟಡ 18ನೆಯ ಶತಮಾನದ್ದು. ಭಕ್ತಿ ಅದಕ್ಕಿಂತ ಬಹಳ ಹಳೆಯದು. ದೇವಿ ಶಾಕಂಬರಿಯಾದ್ದರಿಂದ ಪುಷ್ಯ ಹುಣ್ಣಿಮೆಯ ಹಿಂದಿನ ದಿನ ಪಲ್ಯೇದ ಹಬ್ಬ, 108 ಬಗೆಯ ಪಲ್ಯಗಳ ನೈವೇದ್ಯ. ಬನದ ಹುಣ್ಣಿಮೆಗೆ ತೇರು.

ರಸ್ತೆಗಳಿಗೆ ದರ್ಜೆ ಕಟ್ಟುವ ಕ್ರಮ 1943ರ ಡಿಸೆಂಬರಿನಲ್ಲಿ ರೂಪುಗೊಂಡಿತು. ನಾಗಪುರದಲ್ಲಿ ಸೇರಿದ ಮುಖ್ಯ ಇಂಜಿನಿಯರುಗಳು ರಾಷ್ಟ್ರೀಯ, ಪ್ರಾಂತೀಯ, ಜಿಲ್ಲಾ, ಗ್ರಾಮ ಎಂದು ರಸ್ತೆಗಳನ್ನು ವಿಂಗಡಿಸಿದರು. ಪ್ರಾಂತೀಯವೇ ಮುಂದೆ ರಾಜ್ಯ ಹೆದ್ದಾರಿಯಾಯಿತು. ಆಗ ಈ ಸೀಮೆ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. 1964ರಲ್ಲಿ ಇಲ್ಲಿಯ ಹೆದ್ದಾರಿ ಕಾಯಿದೆ ಬಂದಿತು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. ಕಿಲೋಮೀಟರು ಕಲ್ಲಿನ ತಲೆ ನೋಡಿದರೆ ದರ್ಜೆ ತಿಳಿಯುತ್ತದೆ: ರಾಷ್ಟ್ರೀಯಕ್ಕೆ ಹಳದಿ, ರಾಜ್ಯಕ್ಕೆ ಹಸಿರು, ಜಿಲ್ಲೆಗೆ ಕಪ್ಪು. ಮುಂಡಾಸಿನ ಬಣ್ಣದಿಂದ ಹುದ್ದೆ ತಿಳಿದಂತೆ!

ಉದ್ದದ ಹೆದ್ದಾರಿಯೊಂದು ರಾಷ್ಟ್ರೀಯವಾದಾಗ, ಇಲ್ಲವೆ ಊರ ಹೊರಗೆ ಬಳಸುದಾರಿ ಬಿದ್ದಾಗ, ಹಳೆಯ ತುಂಡು ಕೆಳಗಿನ ದರ್ಜೆಗೋ ಪುರಸಭೆಗೋ ಇಳಿಯುವುದುಂಟು. ದರ್ಜೆ ಇಳಿದರೆ ಡಾಂಬರಿನ ಹಣ ಇಳಿಯುತ್ತದೆ. ಏರಿದರೆ ಅಗಲೀಕರಣ ಬಂದು ಅಂಚಿನ ಮರಕ್ಕೂ ಅಂಗಡಿಗೂ ಕುತ್ತು. ಗುಡಿಯ ದಾರಿಗೆ ಎರಡೂ ಕಷ್ಟ.

ನನ್ನ ತಕರಾರು ಎಣಿಕೆಯ ಬಗೆಗೆ. ಇಂಜಿನಿಯರುಗಳ ನಿಯಮದಂತೆ ವಾಹನ ಗಣತಿ ವರ್ಷಕ್ಕೆ ಎರಡು ಬಾರಿಯಾದರೂ, ಏಳೇಳು ದಿನ ನಡೆಯಬೇಕು; ಒಂದು ಸುಗ್ಗಿ ಮಾರಾಟದ ಕಾಲದಲ್ಲಿ, ಇನ್ನೊಂದು ಮಂದಕಾಲದಲ್ಲಿ. ಜೋಳ, ಹತ್ತಿಯ ದಾರಿಗೆ ಇದು ಸರಿ. ಬನದ ದಾರಿಗೆ ಸುಗ್ಗಿಯೆಂದರೆ ಜಾತ್ರೆ. ಹುಣ್ಣಿಮೆಯ ನಂತರವೂ ವಾರಗಟ್ಟಲೆ ಅದು ಕರಗುವುದಿಲ್ಲ. ವೃತ್ತಿನಾಟಕ ಕಂಪನಿಗಳು ಡೇರೆ ಹಾಕಿ ರಾತ್ರಿಯೆಲ್ಲ ಆಡುತ್ತವೆ. ಅವುಗಳ ವರ್ಷದ ಗಳಿಕೆಗೆ ಈ ಜಾತ್ರೆ ದೊಡ್ಡ ಆಧಾರ. ಆ ದಿನಗಳನ್ನು ಬಿಟ್ಟು ಸರಾಸರಿ ತೆಗೆದರೆ ಕಾಗದದ ಮೇಲೆ ಇದು ಹಳ್ಳಿಯ ಸಾಮಾನ್ಯ ರಸ್ತೆ. ಪುಷ್ಯ ಮಾಸದಲ್ಲಿಯೂ ಒಂದು ಎಣಿಕೆ ಬೇಕು. ಚಕ್ರಗಳನ್ನಷ್ಟೇ ಎಣಿಸಿದರೆ ನಡೆದು ಬರುವ ಸಾವಿರಾರು ಮಂದಿ ಲೆಕ್ಕಕ್ಕೆ ಸಿಗುವುದಿಲ್ಲ. ತಲೆಯ ಮೇಲೆ ರೊಟ್ಟಿಯ ಬುಟ್ಟಿ ಹೊತ್ತು ವರ್ಷವಿಡೀ ಗುಡಿಗೆ ಬರುವ ಹೆಣ್ಣುಮಕ್ಕಳೂ ಸಿಗುವುದಿಲ್ಲ.

ಇನ್ನು ಅಗಲ ಎಷ್ಟಿರಬೇಕು? ಈ ಜಾತ್ರೆ ಮರದ ಬಾಗಿಲುಗಳಿಗೆ ಹೆಸರಾದುದು. ಮನೆ ಕಟ್ಟಿಸುವವರು ದೂರದ ಊರುಗಳಿಂದ ಬಂದು ಚೌಕಟ್ಟು ಸಹಿತ ಕೊಳ್ಳುತ್ತಾರೆ. ಹೆಬ್ಬಾಗಿಲನ್ನು ಅಡ್ಡಲಾಗಿ ಹೇರಿಕೊಂಡು ಬಾದಾಮಿಯ ಕಡೆಗೆ ಹೊರಟ ಒಂದು ಗಾಡಿ, ಎದುರಿಗೆ ಜನ ತುಂಬಿಕೊಂಡು ಬರುವ ಒಂದು ಬಸ್ಸು, ಅಂಚಿನಲ್ಲಿ ನಡೆಯುವವರಿಗೆ ಒಂದು ಮಾರು, ಅಷ್ಟು.