ಗರ್ಭಿಣಿಯ ಶಿರೋನಾಳಗಳೂ ಕೇಣಿಯ ಹೆದ್ದಾರಿಯೂ

ಮಿದುಳಿನ ರಕ್ತನಾಳಗಳಲ್ಲಿ ದೋಷವುಳ್ಳ ಹೆಂಗಸು ಗರ್ಭಿಣಿಯಾದಳೆಂದರೆ, ಹೊಟ್ಟೆ ಕೊಯ್ದು ಮಗುವನ್ನು ತೆಗೆಸಿಬಿಟ್ಟರೆ ಗಂಡಾಂತರ ಕಳೆಯಿತೆಂಬ ನಂಬಿಕೆ ಜನರಲ್ಲಿ ಬೇರೂರಿದೆ; ಅದು ಅರ್ಧಸತ್ಯ. ಗರ್ಭಕಾಲದಲ್ಲಿ ರಕ್ತದ ಪ್ರಮಾಣವು ಶೇ. 40ರಿಂದ 50ರಷ್ಟು ವೃದ್ಧಿಸುವುದೂ, ಅದರ ಹೆಪ್ಪುಗಟ್ಟುವ ಗುಣ ಪ್ರಬಲವಾಗುವುದೂ, ಉಸಿರು ಬಿಗಿಹಿಡಿದು ತಿಣುಕುವಾಗ ತಲೆಯೊಳಗಿನ ಒತ್ತಡ ಏರುವುದೂ ದಿಟವೇ. ಆದರೂ ನಾಳದ ಉಬ್ಬಿಗೆ ಮೊದಲೇ ಸಮರ್ಪಕ ಚಿಕಿತ್ಸೆಯಾಗಿದ್ದವಳು ಸಾಮಾನ್ಯವಾಗಿ ಸಹಜವಾಗಿಯೇ ಹೆರಬಲ್ಲಳು. ಬೆನ್ನಿಗೆ ನೋವುಶಾಮಕ ಕೊಟ್ಟು, ಕಡೆಯ ಹಂತದಲ್ಲಿ ವ್ಯಾಕ್ಯೂಮಿನ ನೆರವು ಪಡೆದರೆ ಆ ತಿಣುಕಾಟವೂ ತಗ್ಗುತ್ತದೆ. ಇತ್ತೀಚೆಗೆ ಒಡೆದು ಇನ್ನೂ ಚಿಕಿತ್ಸೆ ಕಾಣದ ನಾಳವುಳ್ಳವಳ ಸಂಗತಿ ಬೇರೆ. ಅಲ್ಲಿ ವೈದ್ಯರು ಶಸ್ತ್ರದ ಕಡೆಗೆ ವಾಲುವುದು ವಿಹಿತ.

ಹೆತ್ತ ಮೇಲೂ ಭಯ ಮುಗಿಯುವುದಿಲ್ಲ. ಬಾಣಂತಿಯರ ಮಿದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ವ್ಯಾಧಿಯನ್ನು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಡಿ. ನಾಗರಾಜ ಮೊದಲಾದವರು ದೀರ್ಘಕಾಲ ಅಭ್ಯಸಿಸಿರುವರು. ನೀರು ಕುಡಿಸಿದರೆ ಬಾಣಂತಿಗೆ ಹೊಟ್ಟೆ ಬರುತ್ತದೆಂದು ಚೊಂಬನ್ನು ದೂರವಿಡುವ ಅಜ್ಜಿಯಂದಿರ ಪ್ರೀತಿಯನ್ನು ನಾನು ಶಂಕಿಸಲಾರೆ. ಆದರೆ ದೇಹದ ನೀರು ಬತ್ತಿದರೆ ರಕ್ತ ಮಂದವಾಗುವುದೆಂಬುದನ್ನು ಆ ಪ್ರೀತಿ ಅರಿಯದು.

ಇನ್ನು ಕೇಣಿಯ ಮಾತು. ಅಂಕೋಲೆಯ ಮಗ್ಗುಲಿನ ಈ ಮೀನುಗಾರರ ಊರಿಗೆ ಕಾರವಾರದ ವೈದ್ಯಕೀಯ ಕಾಲೇಜು ದೂರವಲ್ಲ. ಆದರೆ ಮಿದುಳಿನ ಶಸ್ತ್ರಕ್ರಿಯೆಯೆಂದೊಡನೆ ಜಿಲ್ಲೆಯ ಜನ ಮಣಿಪಾಲ, ಗೋವೆ, ಹುಬ್ಬಳ್ಳಿಗಳ ಕಡೆ ನೋಡುವುದೇ ರೂಢಿ. ಸುಸಜ್ಜಿತ ಆಸ್ಪತ್ರೆಗಾಗಿ 2022ರಲ್ಲಿ ಜಿಲ್ಲೆಯಾದ್ಯಂತ ಕೂಗೆದ್ದುದು ಸುಮ್ಮನಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು, ಮಣಿಪಾಲದ ಕಡೆಗೆ ಹೋಗುವ ಹೆದ್ದಾರಿ ದಿನಗಟ್ಟಲೆ ಮುಚ್ಚಿಹೋಗಿತ್ತು. ಆದ್ದರಿಂದ ಇಲ್ಲಿಯ ಗರ್ಭಿಣಿಯ ಅಪಾಯವನ್ನು ಅಳೆಯುವವರು ನಾಳದ ಚಿತ್ರದೊಡನೆ ಮಳೆಗಾಲವನ್ನೂ ರಸ್ತೆಯನ್ನೂ ಲೆಕ್ಕಕ್ಕೆ ಹಿಡಿಯತಕ್ಕದ್ದು. ಎಲ್ಲಿ ಹೆರಬೇಕು, ನೋವು ಬರುವ ಎಷ್ಟು ದಿನ ಮೊದಲೇ ಆ ಊರು ಸೇರಬೇಕು ಎಂಬುದು ಏಳನೆಯ ತಿಂಗಳಲ್ಲೇ ನಿಶ್ಚಯವಾಗಬೇಕು.

ರಕ್ತದೊತ್ತಡ 160/110 ಮುಟ್ಟಿದರೆ, ಹಿಂದೆಂದೂ ಕಾಣದ ತಲೆನೋವೆದ್ದರೆ, ಸೆಳವು ಬಂದರೆ, ಒಂದು ಬದಿಯ ಕೈಕಾಲು ಸೋತರೆ, ಹೆರಿಗೆಯಾಗಿ ಆರು ವಾರದ ತನಕವೂ ಅದನ್ನು ಶೀತವೆಂದೂ ಗಾಳಿಯೆಂದೂ ಕಡೆಗಣಿಸದೆ 108ಕ್ಕೆ ಕರೆಮಾಡಿರಿ. ಹಳೆಯ ಪಾರ್ಶ್ವವಾಯು, ಸೆಳವುಗಳ ವಿಷಯವನ್ನು ತಾಯಿ ಕಾರ್ಡಿನಲ್ಲಿ ಬರೆಯಿಸಿರಿ. ಸಂಬಂಧ ಕುದುರಿಸುವಾಗ ಮುಚ್ಚಿಟ್ಟದ್ದನ್ನು ವೈದ್ಯರ ಎದುರಿಗೂ ಮುಚ್ಚಿಡಬೇಡಿರಿ.