ಮೂರನೇ ಸಿಲಿಂಡರಿನ ಲೆಕ್ಕ

ಮೆಕ್ಸಿಕೋದ ಯುಕಟಾನ್ ಪ್ರದೇಶದಲ್ಲಿ ನೆಲದ ಮೇಲೆ ಹರಿಯುವ ನದಿಗಳು ತೀರಾ ಕಡಿಮೆ. ಅಲ್ಲಿನ ಸುಣ್ಣಕಲ್ಲು ಮಳೆನೀರನ್ನೆಲ್ಲ ಒಳಗೆ ಬಿಟ್ಟುಕೊಳ್ಳುತ್ತದೆ. ಆ ನೀರು ಕಲ್ಲನ್ನು ಕರಗಿಸಿ ಕೊರೆದ ಗುಹೆಗಳೇ ನದಿಪಾತ್ರಗಳು. 2018ರ ಜನವರಿಯಲ್ಲಿ ಸಾಕ್ ಆಕ್ತುನ್ ಮತ್ತು ದೋಸ್ ಓಹೋಸ್ ಎಂಬ ಎರಡು ಗುಹಾಜಾಲಗಳನ್ನು ಬೆಸೆಯುವ ದಾರಿ ಡೈವರ್‌ಗಳಿಗೆ ಸಿಕ್ಕಿತು. ಎರಡೂ ಸೇರಿ ಸುಮಾರು 347 ಕಿಲೋಮೀಟರ್ ಉದ್ದವಾದವು. ಇಂಥ ಜಾಗದಲ್ಲಿ ತೊಂದರೆಯಾದರೆ ನೇರ ಮೇಲಕ್ಕೆ ಈಜುವಂತಿಲ್ಲ, ತಲೆಯ ಮೇಲೆ ಬಂಡೆಯಿದೆ. ಹೋದ ದಾರಿಯಲ್ಲೇ ಹಿಂದಿರುಗಬೇಕು, ಅಷ್ಟು ಹೊತ್ತಿಗೂ ಉಸಿರಿರಬೇಕು.

ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡವರು ಇಕ್ಕಟ್ಟಾದ ಕಿಂಡಿಗಳಲ್ಲಿ ನುಸುಳಲಾರರು. 1960ರ ದಶಕದಲ್ಲಿ ಬ್ರಿಟನ್ನಿನ ಗುಹಾನ್ವೇಷಕರು ಸಿಲಿಂಡರನ್ನು ಸೊಂಟದ ಪಕ್ಕಕ್ಕೆ ತೂಗುಹಾಕಿಕೊಳ್ಳತೊಡಗಿದರು. ಮುಂದೆ ಅಮೆರಿಕದ ಫ್ಲಾರಿಡಾದ ಡೈವರ್‌ಗಳು ಇದನ್ನು ತಿದ್ದಿ ಬೆಳೆಸಿದರು. ಇದೇ ಸೈಡ್‌ಮೌಂಟ್. ಎರಡು ಸಿಲಿಂಡರ್‌ಗಳು ಕಂಕುಳಿಂದ ತೊಡೆಯವರೆಗೆ ಮೈಗೆ ಅಂಟಿದಂತೆ ಇರುತ್ತವೆ. ವಾಲ್ವ್‌ಗಳು ಎದೆಯ ಪಕ್ಕದಲ್ಲೇ ಇರುವುದರಿಂದ ಗಾಳಿ ಸೋರಿದರೆ ಕಣ್ಣಿಗೆ ಕಾಣುತ್ತದೆ, ಕೈಗೆ ಎಟಕುತ್ತದೆ.

ಎರಡೂ ಸಿಲಿಂಡರ್‌ಗಳು ಪೂರ್ತಿ ಸ್ವತಂತ್ರ. ಒಂದರ ಗಾಳಿ ಇನ್ನೊಂದಕ್ಕೆ ಹೋಗದು. ಪ್ರತಿಯೊಂದಕ್ಕೂ ಬೇರೆ ರೆಗ್ಯುಲೇಟರ್, ಬೇರೆ ಒತ್ತಡಮಾಪಕ. ಸೈಡ್‌ಮೌಂಟಿನ ಶಕ್ತಿ ಇರುವುದು ಇಲ್ಲೇ, ಕಲಿಯಬೇಕಾದ ಶಿಸ್ತೂ ಇಲ್ಲೇ.

ಗುಹೆಯಲ್ಲಿ ಗಾಳಿಯನ್ನು ಮೂರು ಪಾಲು ಮಾಡುತ್ತಾರೆ: ಒಂದು ಒಳಹೋಗಲು, ಒಂದು ಹೊರಬರಲು, ಒಂದು ಆಪತ್ತಿಗೆ. ಅಮೆರಿಕದ ಶೆಕ್ ಎಕ್ಸ್‌ಲಿ ಗುಹೆಗಳಲ್ಲಿ ನಡೆದ ಸಾವುಗಳನ್ನು ಪರಿಶೀಲಿಸಿ 1979ರಲ್ಲಿ ಬರೆದ ಕೈಪಿಡಿಯಲ್ಲಿ ಈ ನಿಯಮಕ್ಕೆ ಒತ್ತು ಕೊಟ್ಟರು. 11 ಲೀಟರಿನ ಎರಡು ಸಿಲಿಂಡರ್‌ಗಳಲ್ಲಿ 200 ಬಾರ್ ಒತ್ತಡದ ಗಾಳಿ ತುಂಬಿದೆ ಎನ್ನಿ. ಒಟ್ಟು 4,400 ಲೀಟರ್. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ 20 ಮೀಟರ್ ಆಳದಲ್ಲಿ ಒತ್ತಡ ಮೂರು ಪಟ್ಟಾಗುವುದರಿಂದ 60 ಲೀಟರ್ ಬೇಕು. ಮೂರನೇ ಒಂದು ಪಾಲು ಮುಗಿಯಲು ಸುಮಾರು 24 ನಿಮಿಷ. ಅಲ್ಲಿಗೆ ತಿರುಗಲೇಬೇಕು.

ತಿರುಗುವಾಗ ಎರಡರಲ್ಲೂ ಸುಮಾರು 133 ಬಾರ್ ಉಳಿದಿದ್ದರೆ, ಯಾವುದೇ ಒಂದು ಪೂರ್ತಿ ಕೆಟ್ಟರೂ ಇನ್ನೊಂದರಲ್ಲಿ 24 ನಿಮಿಷದ ಗಾಳಿಯಿದೆ. ಬದಲಿಗೆ ಒಂದರಿಂದಲೇ ಉಸಿರಾಡಿ ಅದನ್ನು 67 ಬಾರ್‌ಗೆ ಇಳಿಸಿ, ಇನ್ನೊಂದನ್ನು ಮುಟ್ಟದೆ ಬಿಟ್ಟರೆ? ಒಟ್ಟು ಗಾಳಿ ಅಷ್ಟೇ. ಆದರೆ ತುಂಬಿದ್ದೇ ಕೈಕೊಟ್ಟರೆ ಉಳಿಯುವುದು 12 ನಿಮಿಷ, ಅರ್ಧ ದಾರಿಗೆ ಮಾತ್ರ. ಆದ್ದರಿಂದ ಸೈಡ್‌ಮೌಂಟ್ ಡೈವರ್ ಆಗಾಗ ರೆಗ್ಯುಲೇಟರ್ ಬದಲಿಸುತ್ತ ಎರಡನ್ನೂ ಸಮವಾಗಿ ಖಾಲಿ ಮಾಡುತ್ತಾನೆ.

ಇನ್ನೂ ದೂರ ಹೋಗಬೇಕೆಂದರೆ ಮೂರನೆಯದು, ಅಂದರೆ ಸ್ಟೇಜ್ ಸಿಲಿಂಡರ್ ಬೇಕು. ಮೊದಲು ಅದರಿಂದ ಉಸಿರಾಡಿ, ಮೂರನೇ ಒಂದು ಪಾಲು ಮುಗಿದೊಡನೆ ಮಾರ್ಗದ ಹಗ್ಗಕ್ಕೆ ಸಿಕ್ಕಿಸಿ ಮುಂದೆ ಸಾಗುತ್ತಾರೆ; ಬರುವಾಗ ಎತ್ತಿಕೊಳ್ಳುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ಒಳದಾರಿಗೆ 12 ನಿಮಿಷ ಕೂಡಿಸುತ್ತದೆ. ಬಾಗಿಲು ಕೂಡ ಅಷ್ಟೇ ದೂರವಾಗುತ್ತದೆ. ಹೆಚ್ಚಿನ ಸಿಲಿಂಡರ್ ಎಂದರೆ ಹೆಚ್ಚಿನ ಸುರಕ್ಷತೆ ಎಂದು ತಿಳಿಯುವುದು ತಪ್ಪು. ಕೂಡುವುದು ದೂರ, ಜೊತೆಗೆ ಹೊಣೆ.

ಭಾರವೂ ಬದಲಾಗುತ್ತ ಹೋಗುತ್ತದೆ. ತುಂಬಿದ ಸಿಲಿಂಡರಿನೊಳಗಿನ ಗಾಳಿಯೇ ಸುಮಾರು 2.6 ಕಿಲೋ ತೂಗುತ್ತದೆ. ಅದು ಖಾಲಿಯಾದಂತೆ ಅಲ್ಯೂಮಿನಿಯಂ ಸಿಲಿಂಡರಿನ ಬುಡ ಮೇಲಕ್ಕೆ ತೇಲುತ್ತದೆ. ಕೊಕ್ಕೆಯನ್ನು ಸೊಂಟದ ಮುಂದಿನ ಬಳೆಗೆ ಬದಲಿಸಿ ಅದನ್ನು ಮೈಗೆ ಸಮಾನಾಂತರವಾಗಿ ಹಿಡಿಯಬೇಕು. ಮೈ ಓರೆಯಾಗಿ ಕಾಲಿನ ರೆಕ್ಕೆ ತಳಕ್ಕೆ ತಾಗಿದರೆ ಹೂಳು ಎದ್ದು, ಗಾಜಿನಂಥ ನೀರಿನಲ್ಲಿ ಕಣ್ಣೇ ಕಾಣದಂತಾಗುತ್ತದೆ.

ಆಗ ನಂಬಬೇಕಾದ್ದು ಹೊರಗಿನವರೆಗೂ ಕಡಿಯದೆ ಎಳೆದ ಹಗ್ಗವನ್ನು. ಅದರ ಮೇಲಿನ ಬಾಣಗಳು ಹತ್ತಿರದ ಬಾಗಿಲ ಕಡೆ ಮುಖಮಾಡಿರುತ್ತವೆ, ಬೆರಳಿಗೇ ತಿಳಿಯುತ್ತವೆ. ಈ ಕಲಿಕೆ ಶುರುವಾಗುವುದು ನೆಲದ ಮೇಲೆ: ಮರದಿಂದ ಮರಕ್ಕೆ ಹಗ್ಗ ಕಟ್ಟಿ, ಕಣ್ಣು ಮುಚ್ಚಿ, ಅದನ್ನೇ ಹಿಡಿದು ನಡೆಯುತ್ತಾರೆ. ಆಮೇಲೆ ಬಯಲು ನೀರು, ಬಳಿಕ ಹಗಲ ಬೆಳಕು ಕಾಣುವ ಗುಹಾಮುಖ, ನಂತರವೇ ಒಳಗುಹೆ. ಒಂದು ಮುಖ್ಯ ದೀಪ, ಎರಡು ಬದಲಿ ದೀಪ ಕಡ್ಡಾಯ. ಸ್ಟೇಜ್ ಸಿಲಿಂಡರಿನ ಪಾಠ ಬರುವುದು ಇವೆಲ್ಲ ಮೈಗೂಡಿದ ಮೇಲೆ.

ನಮ್ಮ ಮುರ್ಡೇಶ್ವರದ ಬಳಿಯ ನೇತ್ರಾಣಿಯಲ್ಲಿ ಸ್ಕೂಬಾ ಕಲಿತ ಕನ್ನಡಿಗರು ಈಗ ಹಲವರಿದ್ದಾರೆ. ಅವರಿಗೊಂದು ಮಾತು: ಬಯಲು ಸಮುದ್ರದ ಪ್ರಮಾಣಪತ್ರ ಗುಹೆಗೆ ಪರವಾನಗಿಯಲ್ಲ. ಆಸೆಯಿದ್ದರೆ ಗುಹಾ ತರಬೇತುದಾರರ ಬಳಿ ಮೊದಲಿನಿಂದ ಕಲಿಯಿರಿ, ಮೂರನೇ ಒಂದು ಪಾಲು ಮುಗಿದೊಡನೆ ತಿರುಗಿ. ಮುಂದಿನ ತಿರುವು ಎಷ್ಟೇ ಕರೆದರೂ ತಿರುಗಿ.